ಸೊಪ್ಪು ಆರು, ಸಾಸಿವೆ ಹದಿನೈದು

ಪುಟ್ಟಿ,

ಅಟ್ಟ ಖಾಲಿ ಮಾಡುವಾಗ ಸಿಕ್ಕ ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ ಒಂದೇ ದಿನ 'ಸೊಪ್ಪು 6, ಸೊಪ್ಪು 6, ಸೊಪ್ಪು 6' ಅಂತ ಮೂರು ಸಲ ಯಾಕೆ ಬರೆದಿದೆ ಅಂತ ಕೇಳಿದೆಯಲ್ಲ, ಅದು ಫೋನಲ್ಲಿ ಹೇಳಿ ಮುಗಿಸೋ ಕತೆಯಲ್ಲ. ಆ ಅಕ್ಷರ ನನ್ನದು, ಆಗ ನನಗೆ ಹತ್ತು ವರ್ಷ. ಅಜ್ಜಿಗೆ ಬರೆಯೋಕೆ ಬರುತ್ತಿರಲಿಲ್ಲ.

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ತಾರೀಖು ನೋಡಿ ನಮ್ಮ ಚಾಮರಾಜಪೇಟೆ ವಠಾರದಲ್ಲಿ ಎಷ್ಟೋ ಜನ ತಮಾಷೆ ಅಂದುಕೊಂಡಿದ್ದರು. ಹದಿನಾರಾಣೆಯ ರೂಪಾಯಿಗೆ ಈಗ ನೂರು ಪೈಸೆ. ಹಾಗಾದರೆ ಒಂದಾಣೆಗೆ ಆರೂಕಾಲು, ಆ ಕಾಲು ಪೈಸೆಗೆ ಬಿಲ್ಲೆ ಎಲ್ಲಿಂದ ತರೋದು? ಸರ್ಕಾರ ಒಂದು ಪಟ್ಟಿ ಮಾಡಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನಲ್ಲಿ ಮುಂದೆ ಕೊಡ ಸಾಲಿಗಿಟ್ಟು ಕಾಯುವಾಗ ನಾನದನ್ನ ಮಗ್ಗಿ ಥರ ಒಪ್ಪಿಸುತ್ತಿದ್ದೆ. ಅಜ್ಜಿ ತಡೆದಳು.

"ಆರು ಮೂರ್ಲೆ ಹದಿನೆಂಟಲ್ವೇನೇ? ಮೂರಾಣೆಗೆ ಹತ್ತೊಂಬತ್ತು ಹೆಂಗಾಯ್ತು?"

ಮಾರನೇ ದಿನ ಸೊಪ್ಪಿನವಳು ಬುಟ್ಟಿ ಇಳಿಸಿದಾಗ ಅಜ್ಜಿ ಒಂದಾಣೆದು ಒಂದು ಕಟ್ಟು ದಂಟು ತಗೊಂಡು ಆರು ಪೈಸೆ ಎಣಿಸಿದಳು. ಅವಳು ಎರಡು ಮನೆ ದಾಟಿರಲಿಲ್ಲ, ಮತ್ತೆ ಕೂಗಿ ಮೆಂತ್ಯ. ಆಮೇಲೆ ಕೊತ್ತಂಬರಿ. ಒಂದು ಪೈಸೆ ಉಳೀತು! ಹೊಸ ತಾಮ್ರದ ಬಣ್ಣದ ಆ ಪುಟಾಣಿ ಪೈಸೆಯನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಜ್ಜಿ ಬೀಗಿದ್ದು ನೋಡಬೇಕಿತ್ತು.

ಹೀಗೆ ನಡೆದದ್ದು ಒಂದು ವಾರ, ಅಷ್ಟೇ. ಎಂಟನೇ ದಿನ ಸೊಪ್ಪಿನವಳು, "ಅಕ್ಕಾ, ನಿಮ್ ಹೊಸ ದುಡ್ಡು ನಂಗ್ ಬ್ಯಾಡ. ಬಸವನ ಒಂದಾಣೆ ಇದ್ರೆ ಕೊಡಿ" ಅಂದಳು. ಹಳೇ ನಾಣ್ಯವೂ ಚಲಾವಣೆಯಲ್ಲಿತ್ತು ನೋಡು. ಅಂಥ ನಾಲ್ಕು ಕೂಡಿಸಿದರೆ ಅಂಗಡಿಯಲ್ಲಿ ಅವಳಿಗೆ ಪೂರಾ ಇಪ್ಪತ್ತೈದು ಪೈಸೆಯ ಸಾಮಾನು ಸಿಗುತ್ತಿತ್ತು. ಅವಳೂ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಇಬ್ಬರೂ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ನಕ್ಕರು.

ನಯಾ ಪೈಸೆ ಬರೋಕೆ ಮುಂಚೆ ಮನೆ ಲೆಕ್ಕ ನಿಮ್ಮ ತಾತನ ಕೈಲಿತ್ತು. ಬೆಳಿಗ್ಗೆ ಇಷ್ಟು ಅಂತ ಎಣಿಸಿ ಕೊಟ್ಟು, ರಾತ್ರಿ ಬರೆದುಕೊಳ್ಳುತ್ತಿದ್ದರು. ಆಣೆ, ಪೈಸೆ ಗೊಂದಲಕ್ಕೆ ಬೇಸತ್ತು, "ಇವಳಿಗೆ ಪಟ್ಟಿ ಬಾಯಿಗೆ ಬರುತ್ತೆ, ಇವಳೇ ಬರೀಲಿ" ಅಂತ ಪುಸ್ತಕ ನನ್ನ ಮುಂದೆ ಸರಿಸಿದರು. ಅಲ್ಲಿಂದ ಅಜ್ಜಿ ಹೇಳೋದು, ನಾನು ಬರೆಯೋದು. ತಿಂಗಳ ಕೊನೆಗೆ ತಾತ ಒಂದು ಸಲ ಕಣ್ಣಾಡಿಸುತ್ತಿದ್ದರು.

ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರ ಗಡಿಯಾರದ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. ನಾನು ಸೇರಿದ್ದು 1966ರಲ್ಲಿ. ದಿನವಿಡೀ ಚಿಮುಟ ಹಿಡಿದು, ಎಳ್ಳಿಗಿಂತ ಸಣ್ಣ ತಿರುಪು ಕೂರಿಸೋ ಕೆಲಸ. ಬೆಂಚಿನಲ್ಲಿ ಸಾಲಾಗಿ ನಮ್ಮಂಥ ಹುಡುಗಿಯರೇ. ಕಾರ್ಖಾನೆಗೆ ಹೋಗೋ ಹುಡುಗೀನ ಯಾರು ಮಾಡಿಕೊಳ್ತಾರೆ ಅಂತ ವಠಾರವೆಲ್ಲ ಮಾತಾಡಿತು. ತಾತ ಏನೂ ಅನ್ನಲಿಲ್ಲ, ಸಂಬಳ ಮಾತ್ರ ಪೂರ್ತಿ ಮನೆಗೆ ಬರಲಿ ಅಂದರು.

ಮೊದಲ ಸಂಬಳ ತಂದು ಅಜ್ಜಿ ಕೈಗಿಟ್ಟು, ಪುಸ್ತಕ ತೆಗೆದೆ. "ಪೂರ್ತಿ ಬರಿ. ಕೆಳಗೆ ಖರ್ಚಲ್ಲಿ ಸಾಸಿವೆ ಹದಿನೈದು ಅಂತ ಬರಿ" ಅಂದಳು. ಹದಿನೈದು ರೂಪಾಯಿ ನನ್ನ ಹೆಸರಲ್ಲಿ ಸಾಸಿವೆ ಡಬ್ಬಿಗೆ ಹೋಯಿತು.

ಆ ವರ್ಷದ ಹಾಳೆ ತಿರುಗಿಸಿ ನೋಡು, ತಿಂಗಳು ತಿಂಗಳೂ ಇದೆ. ತಾತ ಅಷ್ಟೂ ಪುಟಕ್ಕೆ ಸಹಿ ಹಾಕಿದ್ದಾರೆ. ಐದು ಜನರ ಮನೇಲಿ ಅಷ್ಟೊಂದು ಸಾಸಿವೆ ಯಾರು ತಿಂದರು ಅಂತ ಒಂದು ದಿನವೂ ಕೇಳಲಿಲ್ಲ.

ಇಂತಿ,
ಅಮ್ಮ