ಬಯಲು ಹೊಲಗಳೆಲ್ಲ ಅಳಿದಿಲ್ಲ

ಮಾನ್ಯ ಸಂಪಾದಕರೆ,

ಇಂಗ್ಲೆಂಡಿನ ಹಳೆಯ ಮೇನರ್‌ಗಳ (ಜಮೀನುದಾರರ ಎಸ್ಟೇಟುಗಳ) ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನ, ಬೇಲಿ ಹಾಕಿಸಿದ ಕಾನೂನುಗಳಿಂದ, ಊರವರು ಬೇಲಿಯಿಲ್ಲದೆ ಹಂಚಿಕೊಂಡು ಉಳುತ್ತಿದ್ದ ಅಲ್ಲಿನ ಬಯಲು ಹೊಲಗಳೆಲ್ಲ ಅಳಿದವು ಎನ್ನುತ್ತದೆ. ಹೆಚ್ಚಿನ ಊರುಗಳ ಮಟ್ಟಿಗೆ ಅದು ಸರಿ. ಆದರೆ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯನ್ನು ಲೇಖನ ಬಿಟ್ಟುಬಿಟ್ಟಿದೆ. ವೆಸ್ಟ್, ಮಿಲ್, ಸೌತ್ ಎಂಬ ಮೂರು ದೊಡ್ಡ ಹೊಲಗಳನ್ನು ಅಲ್ಲಿನ ಗೇಣಿದಾರರು ಇವತ್ತಿಗೂ ಪಟ್ಟೆಪಟ್ಟೆಯಾಗಿ ಹಂಚಿಕೊಂಡು ಉಳುತ್ತಾರೆ.

ಒಂದು ವರ್ಷ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ, ಮೂರನೆಯ ವರ್ಷ ಬೀಳು. ಮೂರೂ ಹೊಲ ಸರದಿಯಲ್ಲಿ ಹೀಗೆ ಸುತ್ತುತ್ತವೆ. ಒಬ್ಬೊಬ್ಬರ ಪಟ್ಟೆಗಳು ಮೂರರಲ್ಲೂ ಚದುರಿವೆ. ಒಂದೇ ಕಡೆ ಇದ್ದರೆ ಬೀಳಿನ ವರ್ಷ ಅವರ ಕೈಗೆ ಏನೂ ಹತ್ತುವುದಿಲ್ಲ. ಮನೆ, ಕೊಟ್ಟಿಗೆಗಳು ಊರ ಬೀದಿಯಲ್ಲಿವೆ. ಉಳದೆ ಬಿಟ್ಟ ತಗ್ಗಿನ ಹುಲ್ಲುನೆಲಕ್ಕೆ 'ಸೈಕ್' ಎಂದು ಹೆಸರು. ಅದರ ಹುಲ್ಲನ್ನು ಬೇಸಗೆಯಲ್ಲಿ ಹರಾಜು ಹಾಕುತ್ತಾರೆ.

ಬೇಲಿಯಿಲ್ಲದ ಹೊಲದಲ್ಲಿ ತಂಟೆ ಎಲ್ಲಿ ಹುಟ್ಟುತ್ತದೆಂದು ನಮ್ಮ ರೈತರಿಗೆ ಹೇಳಬೇಕಿಲ್ಲ. ವರ್ಷಕ್ಕೊಂದು ಸಾಲು ಜಾಸ್ತಿ ಹೊಡೆದರೆ ಸಾಕು, ಬಂಡಿದಾರಿ ಸವೆಯುತ್ತದೆ, ಸೈಕ್ ಕರಗುತ್ತದೆ. ಜಿಗುಟು ಜೇಡಿಮಣ್ಣಿನ ಊರು. ಬಸಿಗಾಲುವೆ ಮುಚ್ಚಿದರೆ ನೀರು ನಿಂತು ಪೈರು ಕೆಡುತ್ತದೆ. ಅದಕ್ಕೇ ನವೆಂಬರ್ ಕೊನೆಗೆ 'ಜ್ಯೂರಿ ಡೇ'. ಮೇನರ್ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಪಂಚರು, ಅಂದರೆ ರೈತರೇ, ಗೋಧಿ ಬಿತ್ತಿದ ಹೊಲ ಸುತ್ತಿ, ಎಲ್ಲೆ ಅಳಿಸಿದಲ್ಲಿ ಗೂಟ ಹೊಡೆದು, ತಪ್ಪುಗಳನ್ನು ಬರೆದುಕೊಳ್ಳುತ್ತಾರೆ. ವಾರದ ನಂತರ ಊರಿನ ಡವ್‌ಕೋಟ್ ಇನ್ ಎಂಬ ಪಾನಗೃಹದಲ್ಲಿ ಕೋರ್ಟು ಸೇರಿ ದಂಡ ಹಾಕುತ್ತದೆ. ಹಣ ಅಲ್ಪ, ಆದರೆ ತಪ್ಪು ಹಿಡಿಯುವವರು ಪಕ್ಕದ ಪಟ್ಟೆಯವರು, ಹಾಗಾಗಿ ಮಾತು ನಡೆಯುತ್ತದೆ. ಇಂಥ ಹಳೆಯ ಕೋರ್ಟುಗಳ ಅಧಿಕಾರ ಕಿತ್ತುಕೊಂಡ 1977ರ ಕಾನೂನೂ ಲ್ಯಾಕ್ಸ್‌ಟನ್ ಕೋರ್ಟನ್ನು ಉಳಿಸಿತು.

ಮಧ್ಯಯುಗ ಅಲ್ಲಿ ಹಾಗೇ ನಿಂತಿದೆ ಎಂದರೂ ತಪ್ಪಾಗುತ್ತದೆ. ಮಾರ್ಕ್ ಪಿಯರ್ಸ್ 1635ರಲ್ಲಿ ರಚಿಸಿದ ಊರಿನ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಪಟ್ಟೆಗಳು ತೀರ ಕಿರಿದು, ಬಯಲು ಹೊಲ ಈಗಿನದಕ್ಕಿಂತ ಎಷ್ಟೋ ವಿಶಾಲ. 20ನೇ ಶತಮಾನದ ಆರಂಭದಲ್ಲಿ ಪಟ್ಟೆಗಳನ್ನು ಕೂಡಿಸಿ ಅಗಲ ಮಾಡಿದ್ದರಿಂದಲೇ ಇಂದು ಟ್ರ್ಯಾಕ್ಟರ್ ತಿರುಗುತ್ತದೆ. ಒಡೆತನವೂ ಕೈ ಬದಲಿಸಿದೆ: 1952ರಲ್ಲಿ ಜಮೀನುದಾರ ಅರ್ಲ್ ಮ್ಯಾನ್ವರ್ಸ್‌ರಿಂದ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮರಳಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ.

ಲೇಖನದ ಮುಂದಿನ ಕಂತಿನಲ್ಲಿ ಆ ನಕ್ಷೆಯನ್ನೂ ಈಗಿನ ಹೊಲದ ಚಿತ್ರವನ್ನೂ ಅಕ್ಕಪಕ್ಕ ಅಚ್ಚು ಹಾಕಬೇಕೆಂದು ಕೋರುತ್ತೇನೆ.

— ಓದುಗ, ಧಾರವಾಡ