ಪೋರ್ಟ್ಸ್‌ಮತ್‌ನ ನೀಲಿ ಟೋಪಿ ಅಜ್ಜನಿಗೆ

ನಿಮ್ಮ ಹೆಸರು ಕೇಳೋದನ್ನೇ ಮರೆತೆ. ನಿಮಗೆ ಕನ್ನಡ ಬರಲ್ಲ ಅಂತಾನೂ ಗೊತ್ತು, ಆದ್ರೂ ಬರೀತಿದ್ದೀನಿ.

ಹೋದ ವಾರ ಅಮ್ಮನ ಜೊತೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಹಳೇ ನೌಕಾ ಬಂದರು ನೋಡೋಕೆ ಹೋಗಿದ್ದೆ. 1765ರಲ್ಲಿ ನೀರಿಗಿಳಿದ ವಿಕ್ಟರಿ ಅನ್ನೋ ಯುದ್ಧದ ಹಡಗಿನ ಸುತ್ತ ರಿಪೇರಿಗೆ ಸಾರವೆ ಕಟ್ಟಿದ್ರು. ಒಳಗೆ ತೊಲೆಗಳು ಎಷ್ಟು ತಗ್ಗು ಅಂದ್ರೆ ನನ್ನ ಹಣೆಗೆ ಎರಡು ಸಲ ಬಡಿಯಿತು. ಮಂಡಿನೋವಿನ ಅಮ್ಮ ಕಡಿದಾದ ಮೆಟ್ಟಿಲ ಮೇಲೆ ಅರ್ಧದಲ್ಲೇ ನಿಂತುಬಿಟ್ಟರು, ಮೇಲೂ ಇಲ್ಲ ಕೆಳಗೂ ಇಲ್ಲ, ಹಿಂದೆ ಜನ ಕಾಯ್ತಿದ್ರು, ನನಗೆ ಕೈಕಾಲೇ ಆಡಲಿಲ್ಲ. ಆಗ ನೀವು ಬಂದು ಅವರ ಸೀರೆ ಸೆರಗು ಹಗ್ಗಕ್ಕೆ ಸಿಕ್ಕಿಕೊಂಡಿದ್ದನ್ನು ಬಿಡಿಸಿ, ಕೈ ಕೊಟ್ಟು, ಹಿಮ್ಮುಖವಾಗಿ ಇಳಿಯೋದು ಹೇಗೆ ಅಂತ ತೋರಿಸಿದ್ರಿ. 1805ರ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಗುಂಡು ತಗುಲಿ ಬಿದ್ದ ಜಾಗದ ಹಿತ್ತಾಳೆ ಫಲಕಾನೂ ಆಮೇಲೆ ನೀವೇ ತೋರಿಸಿದ್ದು.

ಇನ್ನು ಮೆಟ್ಟಿಲು ಬೇಡ, ಮೇರಿ ರೋಸ್ ಮ್ಯೂಸಿಯಮ್ಮಲ್ಲಿ ಲಿಫ್ಟ್ ಇದೆ ಅಂತ ಕಳಿಸಿದ್ರಲ್ಲ, ಅಮ್ಮನಿಗೆ ಅದೇ ಜಾಸ್ತಿ ಹಿಡಿಸಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಹಡಗು! ಅದರಲ್ಲಿದ್ದ ಪುಟ್ಟ ನಾಯಿಯ ಮೂಳೆಗೂಡಿನ ಮುಂದೆ ಅಮ್ಮ ಹತ್ತು ನಿಮಿಷ ನಿಂತು "ಪಾಪ, ಇದೇನು ಮಾಡಿತ್ತು" ಅಂದರು.

ವಾಪಸ್ ಬಂದು ನಿಮ್ಮನ್ನು ಹುಡುಕಿದೆವು. ಅಮ್ಮನ ಬ್ಯಾಗಲ್ಲಿ ನಿಮಗೆ ಅಂತ ಎತ್ತಿಟ್ಟ ಕೋಡುಬಳೆ ಹಾಗೇ ಉಳೀತು.