ಭಾನುವಾರದ ಪೈಥಾನ್ ಕ್ಲಾಸಿಗೆ ಮುಂಚೆ ಇದೊಂದು ಕೆಲಸ

ಎಲ್ಲರಿಗೂ ನಮಸ್ಕಾರ ರೀ.

ಭಾನುವಾರ ಬೆಳಿಗ್ಗೆ 10ಕ್ಕೆ, ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ, ಎಂದಿನ ಜಾಗ. ಬಿಸಿಲು ಏರುವ ಮೊದಲೇ ಬನ್ನಿ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 (ಲಿನಕ್ಸ್) ಇರುವವರು ಗಮನಿಸಿ. ಪೈಥಾನ್ ಪ್ಯಾಕೇಜ್ ಹಾಕಲು ಟರ್ಮಿನಲ್‌ನಲ್ಲಿ ಸುಮ್ನೆ ಪಿಪ್ ಇನ್‌ಸ್ಟಾಲ್ ಹೊಡೆದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಎರರ್ ಬರುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ಸಿಸ್ಟಮ್‌ನ ಪೈಥಾನ್ ಕೆಡದಿರಲಿ ಅಂತ ತಡೆಯುತ್ತಿದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಪ್ಶನ್ ಹಾಕಿ ನುಗ್ಗಬೇಡಿ. ಹೆಸರಲ್ಲೇ ಇದೆ, ಅಲ್ವಾ?

ಅದರ ಬದಲು, ಮೊದಲು ಆಪ್ಟ್‌ನಿಂದ (ಉಬುಂಟುವಿನದೇ ಇನ್‌ಸ್ಟಾಲ್ ಕಮಾಂಡ್) ಪಿಪ್‌ಎಕ್ಸ್ ಹಾಕಿಕೊಳ್ಳಿ. ಇದು ಪೈಥಾನ್ ಟೂಲ್‌ಗಳನ್ನು ಸಿಸ್ಟಮ್‌ನಿಂದ ಬೇರೆಯಾಗಿ ಇಡುತ್ತದೆ. ‘ಪಿಪ್‌ಎಕ್ಸ್ ಎನ್ಶೂರ್‌ಪಾತ್’ ಕೊಟ್ಟು, ಟರ್ಮಿನಲ್ ಮುಚ್ಚಿ ಮತ್ತೆ ತೆರೆಯಿರಿ. ಹೋದ ಸಲ ಇದನ್ನು ಮರೆತು, ‘ಕಮಾಂಡ್ ನಾಟ್ ಫೌಂಡ್’ ನೋಡುತ್ತಾ ಅರ್ಧ ಗಂಟೆ ತಲೆ ಕೆರೆದುಕೊಂಡವನು ನಾನೇ. ಆಮೇಲೆ ‘ಪಿಪ್‌ಎಕ್ಸ್ ಇನ್‌ಸ್ಟಾಲ್ ಬ್ಲ್ಯಾಕ್’ ಕೊಡಿ (ಬ್ಲ್ಯಾಕ್ ಅಂದರೆ ಪೈಥಾನ್ ಕೋಡನ್ನು ಓರಣವಾಗಿಸುವ ಟೂಲ್). ಒಂದೇ ಸಲ ಓಡಿಸಿ ನೋಡಲು ‘ಪಿಪ್‌ಎಕ್ಸ್ ರನ್ ಬ್ಲ್ಯಾಕ್’ ಸಾಕು.

ಆದವರು 👍 ಹಾಕಿ. ಸಿಕ್ಕಿಕೊಂಡವರು ಶನಿವಾರ ರಾತ್ರಿಯೊಳಗೆ ಎರರ್‌ನ ಫೋಟೊ ಇಲ್ಲೇ ಹಾಕಿರಿ.